ಇನ್ನೊಂದು ಮನೆಯಲ್ಲಿದೆ

ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಗೆಲ್ಲ ಗೊತ್ತಿತ್ತು. ಅರವತ್ತೆಂಟು ವರ್ಷವಾದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಹೆಂಗಸು. ಹೊಲಿಸಿಕೊಂಡ ಅಂಗಿ ಬಿಗಿಯಾಯಿತು ಎಂದು ಯಾರಾದರೂ ವಾಪಸ್ ತಂದರೆ, "ಅಂಗಿ ಬಿಗಿಯಾಗಿಲ್ಲ, ನೀವು ಅಗಲ ಆಗಿದೀರ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಆಮೇಲೆ ಮರುಮಾತಿಲ್ಲದೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಆದರೆ ಆ ಸೋಮವಾರ ಪತ್ರಾಗಾರದ ಮೊದಲ ಮಹಡಿಯಲ್ಲಿ ಅವಳಿಗೆ ಬಂದ ಕೋಪ ಅಂಥದ್ದಲ್ಲ. ಅದು ಒಂದು ಪದದ ಮೇಲೆ ಬಂದ ಕೋಪ.

ಪದ ಇದ್ದದ್ದು ಅವಳ ಅಪ್ಪನ ಕಾಗದಪತ್ರಗಳ ಪಟ್ಟಿಯ ಹದಿನಾಲ್ಕನೆಯ ಸಾಲಿನಲ್ಲಿ. "ರೈಲು ದಿಬ್ಬದ ಕೇರಿಯ ಅರ್ಜಿ, ನಕಲಿ ಎನ್ನಲಾದದ್ದು. ಹೇಳಿಕೆಗಳು ೨೧೨."

"ಯಾರು ಅಂದದ್ದು?" ಎಂದು ಕೇಳಿದಳು.

ಮೇಜಿನ ಆಚೆ ಕೂತಿದ್ದ ಪತ್ರಾಗಾರದ ಅಧಿಕಾರಿ ತಲೆಯೆತ್ತಿದಳು. ನಲವತ್ತೈದರ ಆಸುಪಾಸಿನ, ಮೆಲುಮಾತಿನ ಹೆಂಗಸು. ಲಕೋಟೆ ಮುಟ್ಟುವುದಕ್ಕೂ ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದುದರಿಂದ ಟೈಲರಮ್ಮ ಮೊದಲ ದಿನವೇ ಮನಸ್ಸಿನಲ್ಲಿ ಅವಳಿಗೆ ಕೈಗವಸಿನಮ್ಮ ಎಂದು ನಾಮಕರಣ ಮಾಡಿ ಮುಗಿಸಿದ್ದಳು.

"ಕೋರ್ಟು ಅಂದದ್ದಮ್ಮ."

"ಹಾಗಾದ್ರೆ ನಕಲಿ ಅಂತಲೇ ಬರೀರಿ. ಇಲ್ಲಾಂದ್ರೆ ನಕಲಿ ಅಲ್ಲ ಅಂತ ಬರೀರಿ. ಇದೇನಿದು 'ಎನ್ನಲಾದದ್ದು'? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ!"

"ನಿಮ್ಮ ತಂದೆಯವರ ಮೇಲಿನ ಗೌರವಕ್ಕೇ ಅಮ್ಮ ನಾನು 'ಎನ್ನಲಾದದ್ದು' ಸೇರಿಸಿದ್ದು," ಎಂದಳು ಕೈಗವಸಿನಮ್ಮ. ಅವಳ ದನಿಯಲ್ಲಿ ಸುಳ್ಳಿರಲಿಲ್ಲ. "ಹೇಳಿಕೆ ಇದೆ, ಹೆಬ್ಬೆಟ್ಟಿಲ್ಲ. ಇರೋದೆಲ್ಲ ಒಂದೇ ಕೈಬರಹ. ಹೆಸರೂ ಇಲ್ಲ. ಒಂದು ಆಧಾರ ತೋರಿಸಿ, ಈಗಲೇ ಆ ಪದ ಹೊಡೆದುಹಾಕ್ತೀನಿ. ಶುಕ್ರವಾರ ಪಟ್ಟಿ ಅಚ್ಚಿಗೆ ಹೋಗುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ."

ಟೈಲರಮ್ಮನ ಅಪ್ಪ ಪಾದ್ರಿ. ತೀರಿಕೊಂಡು ಮೂವತ್ತೆಂಟು ವರ್ಷ. ಅವರ ಕಾಗದಪತ್ರವೆಲ್ಲ ಮೂರು ತಗಡಿನ ಪೆಟ್ಟಿಗೆಯಲ್ಲಿ ಅಣ್ಣನ ಅಟ್ಟದ ಮೇಲಿತ್ತು. ಅಣ್ಣ ನಿವೃತ್ತ ಹೆಡ್‌ಮಾಸ್ಟರು, ಎಲ್ಲವನ್ನೂ ಒಪ್ಪವಾಗಿಟ್ಟು ಒಪ್ಪವಾಗಿ ಮರೆಯುವ ಮನುಷ್ಯ. ಹೋದ ತಿಂಗಳು ಪತ್ರಾಗಾರದವರು ಕೇಳಿದಾಗ ಹೂಂ ಅಂದು ಕೊಟ್ಟುಬಿಟ್ಟ. ಪೆಟ್ಟಿಗೆಯೊಳಗೆ ಚರ್ಚಿನಲ್ಲಿ ಮಾಡಿದ ಭಾನುವಾರದ ಪ್ರಸಂಗಗಳಿದ್ದವು, ಜೈಲಿನಿಂದ ಬರೆದ ಕಾಗದಗಳಿದ್ದವು, ಪುರಸಭೆಗೆ ಬರೆದ ನೂರಾರು ಮನವಿಗಳ ಪ್ರತಿಗಳಿದ್ದವು. ಪ್ರಸಂಗಗಳ ಅಂಚಿನಲ್ಲಿ ಅಪ್ಪ ತಮಗೆ ತಾವೇ ಬರೆದುಕೊಂಡ ಸೂಚನೆಗಳನ್ನು ನೋಡಿ ಕೈಗವಸಿನಮ್ಮ ಎಷ್ಟೋ ಸಲ ಒಬ್ಬಳೇ ನಕ್ಕಿದ್ದಳಂತೆ. 'ಇಲ್ಲಿ ದನಿ ಏರಿಸು.' 'ಇಲ್ಲಿಗೆ ಹಿರಿಯರು ನಿದ್ದೆ ಹೋಗಿರುತ್ತಾರೆ, ಮೇಜು ತಟ್ಟು.' 'ಇದು ನಿನಗೇ ಸರಿಯಾಗಿ ಗೊತ್ತಿಲ್ಲ, ಬೇಗ ದಾಟು.'

ಅಂಥ ಮನುಷ್ಯ ಮೂರು ತಿಂಗಳು ಜೈಲಿಗೆ ಹೋದದ್ದು ಸುಳ್ಳು ದಾಖಲೆ ಸೃಷ್ಟಿಸಿದ ಎಂಬ ಆರೋಪದ ಮೇಲೆ.

ವಿಷಯ ಇಷ್ಟು. ಊರಿನ ಅಂಚಿನಲ್ಲಿ, ರೈಲು ದಿಬ್ಬದ ಆಚೆ, ಒಂದು ಕೇರಿ. ತಗಡು, ಹಲಗೆ, ಹರಕು ಟಾರ್ಪಾಲಿನಿಂದ ಕಟ್ಟಿಕೊಂಡ ಮನೆಗಳು. ಇಟ್ಟಿಗೆ ಕಾರ್ಖಾನೆಯ ಕೂಲಿಯವರು ಎರಡು ತಲೆಮಾರಿನಿಂದ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿದ್ದರು. ಆದರೆ ಪುರಸಭೆಯ ನಕ್ಷೆಯಲ್ಲಿ ಆ ಜಾಗ 'ಖಾಲಿ'. ಖಾಲಿ ಜಾಗ ಅಂದ ಮೇಲೆ ಮನೆಯಿಲ್ಲ, ಮನೆಯಿಲ್ಲ ಅಂದ ಮೇಲೆ ಮನೆ ನಂಬರಿಲ್ಲ, ನಂಬರಿಲ್ಲದವರ ಹೆಸರು ಮತದಾರರ ಪಟ್ಟಿಗೆ ಸೇರುವುದಿಲ್ಲ. ಇನ್ನು ಅವರ ಗೋಳು ಕೇಳುವವರು ಯಾರು? ಒಂದು ಬೆಳಿಗ್ಗೆ ಪಾದ್ರಿಗಳು ಚರ್ಚಿನ ಏಣಿಯನ್ನು ಹೆಗಲ ಮೇಲೆ ಹೊತ್ತು, ಒಂದು ಡಬ್ಬಿ ಬಿಳಿ ಬಣ್ಣ ಹಿಡಿದು ಕೇರಿಗೆ ಹೋದರು. ಒಂದರಿಂದ ಶುರುಮಾಡಿ ಬಾಗಿಲು ಬಾಗಿಲಿಗೂ ನಂಬರು ಬರೆದರು. ಪುರಸಭೆಯವರು ಬಂದು ಡಾಂಬರು ಬಳಿದು ಅಳಿಸಿದರು. ಪಾದ್ರಿಗಳು ಮತ್ತೆ ಬರೆದರು. ಮತ್ತೆ ಅಳಿಸಿದರು, ಮತ್ತೆ ಬರೆದರು. ಚರ್ಚಿನ ಹಿರಿಯರು ಬಣ್ಣ ದಂಡವಾಗುತ್ತಿದೆಯಲ್ಲ ಎಂದು ಗೊಣಗಿದಾಗ ಅಪ್ಪ, "ಅವರಿಗೆ ಅಳಿಸೋಕೆ ಏನಾದ್ರೂ ಬೇಕಲ್ಲ, ಪಾಪ" ಅಂದಿದ್ದರಂತೆ.

ಆಮೇಲೆ ಅರ್ಜಿ. ಕೇರಿಯಲ್ಲಿ ಮನುಷ್ಯರು ಇದ್ದಾರೆ ಎಂದು ತೋರಿಸುವ ಅರ್ಜಿ. ಪಾದ್ರಿಗಳು ಮನೆ ಮನೆಗೆ ಹೋಗಿ, ಒಬ್ಬೊಬ್ಬರ ಬಾಯಿಂದ ಅವರವರ ಮಾತು ಕೇಳಿ ಬರೆದುಕೊಂಡರು. ಇನ್ನೂರ ಹನ್ನೆರಡು ಜನ. ಹೆಸರು ಮಾತ್ರ ಬರೆಯಲಿಲ್ಲ, ಬಾಗಿಲ ನಂಬರಷ್ಟೇ. ಪಾದ್ರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಕಾರ್ಖಾನೆಯ ಮಾಲೀಕ ಮೊದಲೇ ಗುಡುಗಿದ್ದ. ಕೋರ್ಟಿನಲ್ಲಿ ಹೆಸರು ಹೇಳಿ ಎಂದರು, ಪಾದ್ರಿಗಳು ಹೇಳಲಿಲ್ಲ. ಹೇಳಿದ್ದರೆ ತಾವು ಬಚಾವು, ಇನ್ನೂರ ಹನ್ನೆರಡು ಒಲೆ ತಣ್ಣಗೆ. ಬಾಯಿಗೆ ಬೀಗ ಹಾಕಿಕೊಂಡು ಜೈಲಿಗೆ ಹೋದರು. ಕೇರಿಗೆ ನಂಬರೂ ಮತವೂ ಸಿಕ್ಕಿದ್ದು ಮತ್ತೆ ನಾಲ್ಕು ವರ್ಷಕ್ಕೆ. ಆ ಮೊದಲ ಮತದಾನದ ದಿನ ಸಾಲಿನ ಪಕ್ಕದಲ್ಲಿ ಕೊಡ ಹಿಡಿದು ನೀರು ಕೊಡುತ್ತಿದ್ದವರು ಇದೇ ಪಾದ್ರಿಗಳು. ಆದರೆ ತೀರ್ಪಿನಲ್ಲಿದ್ದ 'ನಕಲಿ' ಹಾಗೇ ಉಳಿಯಿತು. ಅದನ್ನು ತೆಗೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಪ್ಪನಿಗಂತೂ ಮೊದಲೇ ಇಲ್ಲ.

ಈಗ ಅದೇ ಪದ ಅಚ್ಚಾಗಿ ಶಾಶ್ವತವಾಗಿ ಕೂರುವುದರಲ್ಲಿತ್ತು. ಟೈಲರಮ್ಮ ಆ ಪದವನ್ನು ತೆಗೆಸದೆ ಅಂಗಡಿ ಬಾಗಿಲು ತೆಗೆಯುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.

"ಅಪ್ಪನ ಕಾಗದ ಎಲ್ಲಾ ಇನ್ನೊಂದು ಸಲ ತೋರಿಸಿ," ಎಂದಳು.

ಕೈಗವಸಿನಮ್ಮ ಒಂದೊಂದೇ ಪೆಟ್ಟಿಗೆ ತಂದಿಟ್ಟಳು. ಕೊನೆಗೆ ಗೋಡೆಯ ಬದಿಯಲ್ಲಿದ್ದ ಒಂದು ಬಿಸ್ಕತ್ತಿನ ಡಬ್ಬಿ ತೋರಿಸಿ, "ಇದು ನಮಗೆ ಬೇಡವಾದದ್ದು, ನಿಮಗೆ ವಾಪಸ್. ನಿಮ್ಮ ತಾಯಿಯವರ ಹೊಲಿಗೆ ಅಂಗಡಿಯ ಚೀಟಿಗಳು. ನಿಮ್ಮ ಅಣ್ಣನವರೇ ಇದನ್ನ ಬೇರೆ ಇಡಿ ಅಂದ್ರು," ಎಂದಳು.

ಡಬ್ಬಿ ತೆರೆದರೆ ಒಳಗೆ ಅಮ್ಮನ ಅಳತೆ ಚೀಟಿಗಳು. ಅಂಗೈಯಷ್ಟಗಲದ ಹಳದಿ ಕಾಗದ, ಅಮ್ಮನ ಗುಂಡು ಅಕ್ಷರ. ಎದೆ, ಸೊಂಟ, ಭುಜ, ತೋಳು, ಕೊರಳು. ಜೊತೆಗೆ ಒಂದು ಕಂದು ಲಕೋಟೆ, ಅದರ ತುಂಬ ತುಕ್ಕು ಹಿಡಿದ ಗುಂಡುಸೂಜಿಗಳು. ಲಕೋಟೆಯ ಮೇಲೆ ಕೋರ್ಟಿನ ಮೊಹರು, ಕೆಳಗೆ ಗುಮಾಸ್ತನ ಅಕ್ಷರದಲ್ಲಿ, 'ಗುಂಡುಸೂಜಿ ೨೧೨, ಆರೋಪಿಗೆ ವಾಪಸ್.' ಅದರ ಕೆಳಗೆ ಅಪ್ಪನ ಅಕ್ಷರ: 'ಸರಿಯಾಗಿ ತಲುಪಿವೆ. ಇನ್ನೊಂದು ಮನೆಯಲ್ಲಿದೆ.'

"ಪಾಪ, ಒಂದು ಗುಂಡುಸೂಜಿಗೂ ಲೆಕ್ಕ ಇಟ್ಟಿದ್ದಾರೆ," ಎಂದಳು ಕೈಗವಸಿನಮ್ಮ.

ಟೈಲರಮ್ಮ ನಕ್ಕಳು. ಗುಂಡುಸೂಜಿ ಎನ್ನುವುದು ಅಪ್ಪ ಅವಳಿಗೆ ಇಟ್ಟ ಅಡ್ಡಹೆಸರು. ಚಿಕ್ಕ ದೇಹ, ದೊಡ್ಡ ತಲೆ, ಮುಟ್ಟಿದರೆ ಚುಚ್ಚುವ ಬಾಯಿ, ಅದಕ್ಕೇ ಹಾಗೆ ಕರೆದಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಸಾಯುವ ವಾರವೂ ಅಪ್ಪ "ಎಲ್ಲಿ ನನ್ನ ಗುಂಡುಸೂಜಿ?" ಎಂದೇ ಕೇಳಿದ್ದರು.

ಅವಳು ಸುಮ್ಮನೆ ಒಂದು ಚೀಟಿ ಎತ್ತಿಕೊಂಡಳು. ಓದಿದಳು. ಇನ್ನೊಂದು ಓದಿದಳು. ಐದಾರು ಓದುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು.

"ಇದು ಅಂಗಡಿ ಚೀಟಿ ಅಲ್ಲ."

"ಅಳತೆ ಇದೆಯಲ್ಲಮ್ಮ?"

"ಅಳತೆ ಇದೆ. ಏನು ಹೊಲೀಬೇಕು ಅನ್ನೋದೇ ಇಲ್ಲ. ಅಂಗಿಯೋ, ಕೋಟೋ, ಚಡ್ಡಿಯೋ? ಯಾವತ್ತು ಕೊಡಬೇಕು ಅನ್ನೋದು ಇಲ್ಲ. ಬಟ್ಟೆ ಎಷ್ಟು ಬೇಕು ಅಂತಿಲ್ಲ. ನನ್ನಮ್ಮ ಇದೆಲ್ಲ ಬರೀದೇ ಯಾರ ಹೆಗಲ ಮೇಲೂ ಟೇಪ್ ಇಟ್ಟವಳಲ್ಲ." ಚೀಟಿ ತಿರುಗಿಸಿದಳು. ಹಿಂದೆ ನೇರಳೆ ಶಾಯಿಯ ಒಂದು ಹೆಬ್ಬೆಟ್ಟು. ಇನ್ನೊಂದು ತಿರುಗಿಸಿದಳು. ಅಲ್ಲೂ ಹೆಬ್ಬೆಟ್ಟು.

"ಅದು ನಾನೂ ನೋಡಿದೆ," ಎಂದಳು ಕೈಗವಸಿನಮ್ಮ. "ಓದು ಬರದವರು ಹೊಲಿದ ಬಟ್ಟೆ ತಗೊಂಡು ಹೋಗುವಾಗ ಒತ್ತಿದ್ದು ಅಂದ್ಕೊಂಡೆ."

"ಅಂಗಿ ತಗೊಂಡು ಹೋಗೋಕೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಟೈಲರನ್ನ ನಾನಂತೂ ನೋಡಿಲ್ಲ. ನಾವೇನು ಖಜಾನೆ ಇಟ್ಕೊಂಡಿದೀವಾ?"

ಅಂದವಳೇ ಚೀಟಿ ಕೆಳಗಿಟ್ಟಳು. ಒಂಬತ್ತು ವರ್ಷದವಳಿದ್ದಾಗಿನ ಅಮ್ಮನ ಅಂಗಡಿ ಕಣ್ಣ ಮುಂದೆ ಬಂದಿತ್ತು. ಬೀದಿಗೆ ತೆರೆದ ಮುಂದಿನ ಕೋಣೆ, ಅದರ ಮಧ್ಯಕ್ಕೆ ಎಳೆದ ಪರದೆ. ಎರಡು ವಾರ ಜನವೋ ಜನ. ಇಟ್ಟಿಗೆಯ ಕೆಂಪು ಧೂಳು ಮೆತ್ತಿದ ಪಾದಗಳು ಪರದೆಯ ಕೆಳಗೆ ಕಾಣುತ್ತಿದ್ದವು. ಒಬ್ಬೊಬ್ಬರೇ ಒಳಗೆ ಹೋಗಿ ಅಳತೆ ಕೊಟ್ಟು ಬರುತ್ತಿದ್ದರು. ಆದರೆ ಯಾರೂ ಬಟ್ಟೆ ತರಲಿಲ್ಲ, ಅಮ್ಮ ಏನೂ ಹೊಲಿಯಲಿಲ್ಲ. "ಅಳತೆ ಕೊಟ್ಟೋರೆಲ್ಲ ಎಲ್ಲಿ ಹೋದ್ರಮ್ಮ?" ಎಂದು ಅವಳು ಕೇಳಿದ್ದಕ್ಕೆ ಅಮ್ಮ, "ಬರ್ತಾರೆ, ಬಟ್ಟೆ ಇನ್ನೂ ನೇಯ್ತಾ ಇದಾರೆ" ಎಂದಿದ್ದಳು.

ಪಾದ್ರಿಯ ಮನೆಗೆ ಹೋದರೆ ಕೆಲಸ ಹೋಗುತ್ತದೆ. ಟೈಲರ ಅಂಗಡಿಗೆ ಹೋದರೆ ಯಾರು ಏನು ಕೇಳುತ್ತಾರೆ?

"ಇವೇ ಹೆಬ್ಬೆಟ್ಟು ಕಣ್ರೀ," ಎಂದಳು ಟೈಲರಮ್ಮ. "ಇವೇ ಆ ಹೆಬ್ಬೆಟ್ಟು. ಮಾತು ಅಪ್ಪ ಬರೆದುಕೊಂಡ್ರು, ಹೆಬ್ಬೆಟ್ಟು ಅಮ್ಮ ಒತ್ತಿಸಿಕೊಂಡ್ಳು."

ಕೈಗವಸಿನಮ್ಮನ ಕಣ್ಣು ಅರಳಿತು, ಆದರೆ ಅವಳು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಇರಬಹುದಮ್ಮ. ಆದ್ರೆ ಯಾವ ಹೆಬ್ಬೆಟ್ಟು ಯಾವ ಹೇಳಿಕೆಯದ್ದು ಅಂತ ಹೇಗೆ ಹೇಳೋದು? ಚೀಟೀಲಿ ಬಾಗಿಲ ನಂಬರೂ ಇಲ್ಲ. ಯಾರೋ ಒಬ್ಬರು ಕೂತು ಇನ್ನೂರು ಸಲ ಒತ್ತಿದ್ರು ಅಂತ ವಾದ ಮಾಡಿದ್ರೆ?"

ಟೈಲರಮ್ಮ ಚೀಟಿಗಳನ್ನು ಬೆರಳ ತುದಿಯಲ್ಲಿ ಸರಿಸುತ್ತ ಹೋದಳು. ಅವಳ ಬಾಯಿ ಎಷ್ಟು ಅವಸರದ್ದೋ ಬೆರಳು ಅಷ್ಟೇ ನಿಧಾನದ್ದು. ಎಡ ಹೆಬ್ಬೆರಳಿಗೆ ಅಡ್ಡವಾಗಿ ಒಂದು ಹಳೆಯ ಗಾಯದ ಗೀರಿತ್ತು. ಆರು ವರ್ಷದವಳಿದ್ದಾಗ ಅಮ್ಮನ ಕತ್ತರಿಯ ಜೊತೆ ಆಡಿದ್ದರ ಗುರುತು. ಒಂದು ಚೀಟಿಯ ಮೇಲೆ ಆ ಬೆರಳು ನಿಂತಿತು. 'ಎದೆ ೩೪. ತೋಳು, ಎಡ ೨೨. ಬಲ ಇಲ್ಲ.'

"ಬಲ ಇಲ್ಲ," ಎಂದು ಗಟ್ಟಿಯಾಗಿ ಓದಿದಳು. "ಅಪ್ಪನ ಹೇಳಿಕೆಗಳಲ್ಲಿ ಕೈ ಕಳ್ಕೊಂಡವರು ಯಾರಾದ್ರೂ ಇದಾರಾ ನೋಡಿ."

ಹುಡುಕಲು ಅರ್ಧ ಗಂಟೆ ಹಿಡಿಯಿತು. ಬಾಗಿಲ ನಂಬರ್ ೬೧. 'ನಾನು ಈ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಮಣ್ಣು ಕಲಸುವ ಯಂತ್ರಕ್ಕೆ ನನ್ನ ಬಲಗೈ ಹೋಯಿತು. ಕಾರ್ಖಾನೆಯವರು ಒಂದು ಕೈಯವನಿಗೆ ಅರ್ಧ ಕೂಲಿ ಎಂದರು. ಒಂದು ಕೈಯವನಿಗೆ ಅರ್ಧ ಮತವನ್ನಾದರೂ ಕೊಡಿ.'

ಅಪ್ಪ ಈ ಮಾತನ್ನು ಯಾವ ಪ್ರಸಂಗದಲ್ಲೂ ಬಳಸಿರಲಿಲ್ಲ. ಅದು ಹೇಳಿದವನದು, ತಮ್ಮದಲ್ಲ ಎಂದು ಬಿಟ್ಟಿದ್ದಿರಬೇಕು.

ಟೈಲರಮ್ಮ ಹೇಳಿಕೆಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ಎಡಮೂಲೆಯಲ್ಲಿ ಎರಡು ಸಣ್ಣ ತೂತು, ನಡುವೆ ತುಕ್ಕಿನ ಗೆರೆ. ಚೀಟಿಯನ್ನು ಅದರ ಮೇಲಿಟ್ಟಳು. ಚೀಟಿಯಲ್ಲೂ ಎರಡು ತೂತು. ಜರುಗಿಸಿದಳು. ತೂತಿನ ಮೇಲೆ ತೂತು ಕೂತು, ಎರಡೂ ಕಡೆ ಬೆಳಕು ಚುಕ್ಕಿಯಾಗಿ ಇಣುಕಿತು.

"ಅಮ್ಮ ಪಿನ್ ಹಾಕೋ ರೀತಿ ಇದು," ಎಂದಳು. "ಆಫೀಸಿನವರು ಚುಚ್ಚಿ ತೂರಿಸಿಬಿಡ್ತಾರೆ. ನಾವು ಬಟ್ಟೆಯವರು ಅಡ್ಡಕ್ಕೆ ಸ್ವಲ್ಪವೇ ಕಚ್ಚಿಸ್ತೀವಿ, ಬಟ್ಟೆ ನೋಯಬಾರದು ಅಂತ. ಎರಡು ತೂತಿನ ನಡುವಿನ ಅಂತರ ಒಂದು ಜೊತೆಗಿದ್ದ ಹಾಗೆ ಇನ್ನೊಂದಕ್ಕೆ ಇರಲ್ಲ. ಯಾರೋ ಗುಮಾಸ್ತ ಪಿನ್ ಕಿತ್ತು ಕಾಗದ ಒಂದು ಕಡೆ ಚೀಟಿ ಒಂದು ಕಡೆ ಮಾಡಿದ. ಪಿನ್ ಕಿತ್ತ. ತೂತು ಕೀಳೋಕಾಗುತ್ತಾ?"

ಕೈಗವಸಿನಮ್ಮ ಮೆಲ್ಲನೆ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. "ತೂತು ಕೈಗೆ ತಿಳೀಬೇಕು," ಎಂದು ತನಗೆ ತಾನೇ ಹೇಳಿಕೊಂಡಳು. ಟೈಲರಮ್ಮನಿಗೆ ಆ ಕ್ಷಣದಿಂದ ಅವಳು ಇಷ್ಟವಾದಳು. ಅಡ್ಡಹೆಸರು ಮಾತ್ರ ಬದಲಾಗಲಿಲ್ಲ.

ಮೂರು ದಿನ ಇಬ್ಬರೂ ಕೂತರು. ಪತ್ರಾಗಾರದಲ್ಲಿ ಕೆಳಗಿನಿಂದ ಬೆಳಕು ಬರುವ ಒಂದು ಗಾಜಿನ ಮೇಜಿತ್ತು. ಅದರ ಮೇಲೆ ಹೇಳಿಕೆ ಇಟ್ಟು, ಚೀಟಿ ಇಟ್ಟು, ತೂತು ಕೂರಿಸಿ, ಸರಿಯಾದರೆ ಒಂದೇ ಕವರಿಗೆ. ಜೊತೆ ಸೇರುತ್ತ ಹೋದಂತೆ ಕೇರಿಯ ಜನ ಒಬ್ಬೊಬ್ಬರಾಗಿ ಎದ್ದು ಬಂದರು. 'ನನಗೆ ಇದು ಎಂಟನೇ ತಿಂಗಳು, ಹುಟ್ಟುವ ಕೂಸಿಗಾದರೂ ಒಂದು ನಂಬರು ಬೇಕು' ಎಂದವಳ ಚೀಟಿಯಲ್ಲಿ ಸೊಂಟ ನಲವತ್ತನಾಲ್ಕು. 'ನಲವತ್ತು ವರ್ಷ ಇಟ್ಟಿಗೆ ಹೊತ್ತಿದ್ದೇನೆ' ಎಂದ ಮುದುಕನ ಬೆನ್ನಿನ ಉದ್ದ ಎದುರಿನ ಉದ್ದಕ್ಕಿಂತ ಐದು ಇಂಚು ಹೆಚ್ಚು; ಬಾಗಿದ ಬೆನ್ನಿಗೆ ಬಟ್ಟೆ ಅಷ್ಟು ಹೆಚ್ಚು ಬೇಕು ಎಂದು ಟೈಲರಮ್ಮ ತನ್ನ ಬೆನ್ನು ಬಾಗಿಸಿ ತೋರಿಸಿದಳು. ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗಿದವರಂತೂ ಲೆಕ್ಕವಿಲ್ಲ. ಇವರೆಲ್ಲ ಇಲ್ಲ ಎಂದು ಹೇಳಿದ ನಕ್ಷೆ ಪುರಸಭೆಯಲ್ಲಿತ್ತು. ಇದ್ದಾರೆ ಎಂದು ಹೇಳುವ ಟೇಪು ಅಮ್ಮನ ಕೊರಳಲ್ಲಿತ್ತು.

"ಸುಮ್ಮನೆ ಅಳೆದ ಹಾಗೆ ಮಾಡಿ ಏನೋ ಒಂದು ಬರೆದಿದ್ರೂ ಆಗ್ತಿತ್ತಲ್ಲ?" ಎಂದು ಕೈಗವಸಿನಮ್ಮ ಕೇಳಿದಳು. "ಹೆಬ್ಬೆಟ್ಟು ತಾನೇ ಬೇಕಾಗಿದ್ದದ್ದು."

"ನನ್ನಮ್ಮಂಗೆ ಸುಳ್ಳು ಅಳತೆ ಬರೆಯೋಕೆ ಬರ್ತಿರಲಿಲ್ಲ," ಎಂದಳು ಟೈಲರಮ್ಮ. ಊರೆಲ್ಲ ಅಪ್ಪನನ್ನು ಹೊಗಳಿದೆ, ಹೊಗಳಲಿ, ಅವರು ಅದಕ್ಕೆ ತಕ್ಕವರೇ. ಆದರೆ ಇನ್ನೂರ ಹನ್ನೆರಡು ಮೈಗಳನ್ನು ಒಂದೂ ತಪ್ಪದೆ ಅಳೆದವಳ ಹೆಸರನ್ನು ಯಾರೂ ಎತ್ತಿರಲಿಲ್ಲ, ಅವಳ ಮಗಳೂ ಎತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಇನ್ನೂರ ಹನ್ನೆರಡನೆಯ ಜೊತೆ ಕವರಿಗೆ ಸೇರಿತು. ಗೆದ್ದೆವು ಎಂದು ಕೈಗವಸಿನಮ್ಮ ಚಹಾ ತರಿಸಿದಳು. ಆಗ ನೋಡಿದರೆ ಡಬ್ಬಿಯ ತಳದಲ್ಲಿ ಇನ್ನೊಂದು ಚೀಟಿ.

ಟೈಲರಮ್ಮ ಅದನ್ನು ಗಾಜಿನ ಮೇಲಿಟ್ಟಳು. ತೂತಿಲ್ಲ. ಒಂದು ಸೂಜಿಯೂ ಅದನ್ನು ಮುಟ್ಟಿರಲಿಲ್ಲ. ಅಕ್ಷರ ಅಮ್ಮನದಲ್ಲ, ಸೊಟ್ಟಪಟ್ಟ, ಸಾಲಿನಿಂದ ಸಾಲಿಗೆ ಇಳಿಜಾರು. 'ಎದೆ ೨೪. ತೋಳು ೧೫. ಕೊಳರು ೧೦.'

"ಕೊಳರು!" ಎಂದು ಅವಳು ಜೋರಾಗಿ ನಕ್ಕಳು. "ಅಯ್ಯೋ, ಇದು ನಾನೇ! ಕೊರಳು ಅನ್ನೋದು ನನ್ನ ಕೈಲಿ ಬರ್ತಾನೇ ಇರಲಿಲ್ಲ. ಕೊಳರು ಕೊಳರು ಅಂತ ಅಣ್ಣ ರೇಗಿಸಿ ರೇಗಿಸಿ ಅಳಿಸ್ತಿದ್ದ."

ಅವಳಿಗೆ ಎಲ್ಲ ನೆನಪಾಯಿತು. ಅಮ್ಮ ನೀರು ತರಲು ಹಿತ್ತಿಲಿಗೆ ಹೋದಾಗ ಪರದೆಯ ಹಿಂದೆ ನುಗ್ಗಿ, ಟೇಪು ಸುತ್ತಿಕೊಂಡು, ತನ್ನನ್ನು ತಾನೇ ಅಳೆದುಕೊಂಡದ್ದು. ಎಲ್ಲರೂ ಒತ್ತುತ್ತಾರೆ, ನಾನೂ ಒತ್ತುತ್ತೇನೆ ಎಂದು ನೇರಳೆ ಪ್ಯಾಡಿಗೆ ಬೆರಳು ಒತ್ತಿ, ಚೀಟಿಯನ್ನು ಕಟ್ಟಿನ ಅಡಿಗೆ ತುರುಕಿದ್ದು. ಆಮೇಲೆ ಎರಡು ದಿನ ಹೆಬ್ಬೆರಳನ್ನು ಲಂಗದ ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ್ದು. ಚೀಟಿ ತಿರುಗಿಸಿದಳು. ಹುಣಿಸೆಬೀಜದಷ್ಟು ಹೆಬ್ಬೆಟ್ಟು, ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ.

ನಗುತ್ತಲೇ ತಲೆಯೆತ್ತಿದರೆ ಕೈಗವಸಿನಮ್ಮ ನಗುತ್ತಿರಲಿಲ್ಲ. ಅವಳ ಕೈಯಲ್ಲಿ ತೀರ್ಪಿನ ಪ್ರತಿಯಿತ್ತು. ಕೋರ್ಟಿನಿಂದ ಅಂದು ಬೆಳಿಗ್ಗೆಯಷ್ಟೇ ಬಂದದ್ದು.

"ಏನಿದೆ ಅದರಲ್ಲಿ?"

"ಅಮ್ಮ, ಈಗ ಬೇಡ..."

"ಓದಿ."

ಕೈಗವಸಿನಮ್ಮ ಮೆಲ್ಲನೆ ಓದಿದಳು. "'ಹೇಳಿಕೆಗಳು ಇನ್ನೂರ ಹನ್ನೆರಡು, ಹೆಬ್ಬೆಟ್ಟಿನ ಚೀಟಿಗಳು ಇನ್ನೂರ ಹದಿಮೂರು. ಹೆಚ್ಚಿನ ಚೀಟಿಯ ಅಕ್ಷರವೂ ಹೆಬ್ಬೆಟ್ಟೂ ಮಗುವಿನವು. ಆರೋಪಿ ತನ್ನ ಮನೆಯವರಿಂದ, ಮಕ್ಕಳಿಂದ ಸಹ, ಹೆಬ್ಬೆಟ್ಟು ಒತ್ತಿಸಿ ಅರ್ಜಿ ಸೃಷ್ಟಿಸಿದ್ದಾನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಈ ಹೆಬ್ಬೆಟ್ಟು ಯಾರದೆಂದು ಮೂರು ಸಲ ಕೇಳಲಾಯಿತು. ಆರೋಪಿ ಚೀಟಿಯನ್ನು ನೋಡಿ ನಕ್ಕನು. ಉತ್ತರ ಕೊಡಲಿಲ್ಲ.'"

ಚಹಾ ಬಂದು ಮೇಜಿನ ಮೇಲೆ ಕೂತಿತು. ಯಾರೂ ಮುಟ್ಟಲಿಲ್ಲ.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಬಿಸ್ಕತ್ತಿನ ಡಬ್ಬಿಯನ್ನು ಮನೆಗೆ ಒಯ್ಯಲು ಬಂದವನು ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಂಗಿಯ ಕೈಯಲ್ಲಿದ್ದ ಚೀಟಿ ನೋಡಿದ, ಅವಳ ಮುಖ ನೋಡಿದ, ಒಳಗೆ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಿಂಗೆ ಗೊತ್ತಿತ್ತು," ಎಂದಳು ಅವಳು.

"ನಂಗಾಗ ಹದಿನೈದು ವರ್ಷ. ಕೋರ್ಟಿಗೆ ನಾನೂ ಹೋಗಿದ್ದೆ. ನಿನ್ನನ್ನ ಚಿಕ್ಕಮ್ಮನ ಮನೇಲಿ ಬಿಟ್ಟಿದ್ರು. ಕೋರ್ಟಿನವರು ಆ ಚೀಟಿ ಎತ್ತಿ ತೋರಿಸಿದ ತಕ್ಷಣ ನಂಗೆ ಗೊತ್ತಾಯ್ತು, 'ಕೊಳರು' ಅಂತ ಬರೆಯೋಳು ಭೂಮಿ ಮೇಲೆ ಒಬ್ಬಳೇ ಅಂತ. ಅಮ್ಮ ಎದ್ದು ನಿಂತ್ಳು, ಹೇಳಿಬಿಡೋಕೆ. ಅಪ್ಪ ಅಲ್ಲಿಂದಲೇ ಕೂತ್ಕೋ ಅಂತ ಕಣ್ಣಲ್ಲೇ ಹೇಳಿದ್ರು."

"ಯಾಕೆ? ಮಗು ಆಡಿದ ಆಟ ಅಂದಿದ್ರೆ ಮುಗೀತಿತ್ತಲ್ಲ!"

"ಮುಗೀತಿರಲಿಲ್ಲ ಕಣೇ. ಮಗುವನ್ನ ಕರೆಸಿ ಅಂತಿದ್ರು. ಕಟಕಟೇಲಿ ನಿಲ್ಲಿಸಿ, ಅಂಗಡಿಗೆ ಯಾರ್ಯಾರು ಬಂದಿದ್ರು ಅಂತ ಕೇಳ್ತಿದ್ರು. ನೀನು ಬಾಯಿ ಬಡುಕಿ, ಒಬ್ಬೊಬ್ಬರ ಹೆಸರೂ ಹೇಳಿಬಿಡ್ತಿದ್ದೆ. ಆಮೇಲೆ ಜೈಲಿಗೆ ಹೋಗೋ ಹಿಂದಿನ ದಿನ ಅಪ್ಪ ನನ್ನ ಕರೆದು ಹೇಳಿದ್ರು. 'ಅವಳಿಗೆ ಯಾವತ್ತೂ ಹೇಳ್ಬೇಡ. ಎಲ್ಲರ ಜೊತೆ ತಾನೂ ನಿಲ್ಲಬೇಕು ಅನ್ನಿಸ್ತು ಮಗೂಗೆ. ಅದು ತಪ್ಪು ಅಂತ ಅವಳಿಗೆ ಯಾವತ್ತೂ ಅನ್ನಿಸಬಾರದು.' ಅಷ್ಟೇ. ಆವತ್ತಿಂದ ನಾನು ನಿನ್ನ ಕೊಳರು ಅಂತ ರೇಗಿಸೋದು ಬಿಟ್ಟೆ. ನೀನು ಗಮನಿಸಲೇ ಇಲ್ಲ."

ಟೈಲರಮ್ಮ ಲಕೋಟೆಯನ್ನು ಕೈಗೆತ್ತಿಕೊಂಡಳು. 'ಇನ್ನೊಂದು ಮನೆಯಲ್ಲಿದೆ.' ಇನ್ನೂರ ಹನ್ನೆರಡು ಜೊತೆಗೆ ಇನ್ನೂರ ಹನ್ನೆರಡು ಸೂಜಿ. ಸೂಜಿಯಿಲ್ಲದ್ದು ಒಂದೇ ಚೀಟಿ, ಅದರ ಸೂಜಿ ಮನೆಯಲ್ಲಿದ್ದ ಅವಳೇ. ಜೈಲಿನಿಂದ ಬಂದ ದಿನ ಅಪ್ಪ, ಗಡ್ಡ ಬೆಳೆದು, ಅರ್ಧ ಇಳಿದುಹೋಗಿ, ಹೊಸಿಲಲ್ಲಿ ನಿಂತು ಮೊದಲು ಕೂಗಿದ ಮಾತು "ಎಲ್ಲಿ ನನ್ನ ಗುಂಡುಸೂಜಿ?" ಅದಕ್ಕೆ ಮುಂಚೆ ಅವಳನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಐವತ್ತೊಂಬತ್ತು ವರ್ಷ ಆ ಹೆಸರನ್ನು ಹೊತ್ತು ತಿರುಗಿದವಳಿಗೆ ಅದು ಎಲ್ಲಿಂದ ಬಂತು ಎಂದು ಈಗ ತಿಳಿಯಿತು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವವರನ್ನು ಅವಳು ಕಂಡಿದ್ದಳು. ಹಾಕಿಕೊಂಡ ತಪ್ಪನ್ನು ಮುದ್ದಿನ ಹೆಸರು ಮಾಡಿ ಕರೆದವರನ್ನು ಕಂಡಿರಲಿಲ್ಲ. ಅವಳು ಅತ್ತಳು. ಅಂಗಡಿಯಲ್ಲಿ ಯಾರೂ ನೋಡಿರದಂಥ, ಮೂಗು ಸೀಟಿಕೊಂಡು ಅಳುವ ಅಳು.

ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ. "ಅದಕ್ಕೇ ಕಣೇ ಡಬ್ಬಿ ಬೇರೆ ಇಡಿ ಅಂದಿದ್ದು. ಈ ಚೀಟಿ ಮನೆಗೆ ತಗೊಂಡು ಹೋಗೋಣ ಬಾ."

"ನಿಮ್ಮ ಅಣ್ಣ ಹೇಳೋದು ಸರಿ," ಎಂದಳು ಕೈಗವಸಿನಮ್ಮ. "ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡು ಕೂತಿದೆ. ನಂಗೆ ಅಷ್ಟು ಸಾಕು. ಆ ಪದ ತೆಗೀತೀನಿ. ಈ ಒಂದು ಚೀಟಿ ಪಟ್ಟಿಗೆ ಸೇರಬೇಕು ಅಂತೇನಿಲ್ಲ."

ಟೈಲರಮ್ಮ ಮುಂಗೈಯಲ್ಲಿ ಮುಖ ಒರೆಸಿಕೊಂಡಳು.

"ಜಡ್ಜು ಕೇಳಿದ್ದು ಇದರ ಬಗ್ಗೇನೇ. ಮೂರು ಸಲ ಕೇಳಿದಾರೆ. ಯಾರಾದರೊಬ್ಬರು ಉತ್ತರ ಕೊಡಬೇಕಲ್ಲ." ಎಡಗೈ ಮುಂದೆ ಚಾಚಿದಳು. "ನಿಮ್ಮ ಹತ್ರ ಸ್ಟಾಂಪ್ ಪ್ಯಾಡ್ ಇದೆಯಾ?"

ಇತ್ತು. ಪತ್ರಾಗಾರದ ಮೊಹರಿಗೆಂದು ಇಟ್ಟದ್ದು, ಬಣ್ಣ ಅದೇ ನೇರಳೆ. ಅವಳು ಒಂದು ಬಿಳಿ ಹಾಳೆಯ ಮೇಲೆ ಹೆಬ್ಬೆರಳನ್ನು ಉರುಳಿಸಿ ಒತ್ತಿದಳು. ಕೈಗವಸಿನಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದಳು. ಒಂದು ಹುಣಿಸೆಬೀಜ, ಇನ್ನೊಂದು ಅದರ ಮೂರರಷ್ಟು. ಅದೇ ಸುಳಿ. ಸುಳಿಯನ್ನು ಅದೇ ಜಾಗದಲ್ಲಿ ಕತ್ತರಿಸುವ ಅದೇ ಬಿಳಿ ಗೆರೆ.

ಕೈಗವಸಿನಮ್ಮ ಪೆನ್ನು ತೆಗೆದಳು. ಹದಿನಾಲ್ಕನೆಯ ಸಾಲಿನಲ್ಲಿದ್ದ 'ನಕಲಿ ಎನ್ನಲಾದದ್ದು' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದಳು. ಹೇಳಿಕೆಗಳು ೨೧೨ ಎಂಬುದರ ಮುಂದೆ 'ಬರೆದುಕೊಂಡವರು ಪಾದ್ರಿ' ಎಂದು ಸೇರಿಸಿದಳು. ಕೆಳಗೆ 'ಅಳತೆ ಚೀಟಿ ಮತ್ತು ಹೆಬ್ಬೆಟ್ಟು ೨೧೩, ತೆಗೆದುಕೊಂಡವರು ಪಾದ್ರಿಯ ಹೆಂಡತಿ, ಟೈಲರು' ಎಂದು ಬರೆದು ನಿಲ್ಲಿಸಿದಳು.

"ಕೊನೇ ಚೀಟಿ ಯಾರದ್ದು ಅಂತ ಬರೀಲಿ ಅಮ್ಮ?"

"ಗುಂಡುಸೂಜಿ ಅಂತ ಬರೀರಿ," ಎಂದಳು ಟೈಲರಮ್ಮ. "ಮನೇಲಿತ್ತು, ಈಗ ತಲುಪಿದೆ ಅನ್ನಿ."

ಅಣ್ಣ ಕರವಸ್ತ್ರ ಚಾಚಿದ, ಶಾಯಿ ಒರೆಸಿಕೋ ಎಂದು. ಅವಳು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ವಾಪಸ್ ಕೊಟ್ಟಳು. ಮೆಟ್ಟಿಲಿಳಿದು ಬೀದಿಗೆ ಬಂದಾಗ ಇನ್ನೂ ಬಿಸಿಲಿತ್ತು. ನೇರಳೆ ಹೆಬ್ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಹೊರಗೇ ಇಟ್ಟುಕೊಂಡು, ಅಂಗಡಿಯ ಬಾಗಿಲು ತೆಗೆಯಲು ನಡೆದಳು.